ಬೆಳೆದ ಮಕ್ಕಳ ಕೋಣೆಗೆ ಹೊಸ ರೂಪ ಕೊಡುವಾಗ: ಕಾರವಾರದಿಂದ ಶಿರಸಿವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದನೇ ಕ್ಲಾಸಿನಲ್ಲಿ ಅಂಟಿಸಿದ ಕಾರ್ಟೂನ್ ಸ್ಟಿಕ್ಕರ್ ಗೋಡೆ ಮೇಲೆ ಹಾಗೇ ಇರುತ್ತದೆ. ಹುಡುಗಿ ಮಾತ್ರ ಒಂಬತ್ತನೇ ಕ್ಲಾಸಿಗೆ ಬಂದಿರುತ್ತಾಳೆ. ಮಂಚದಲ್ಲಿ ಕಾಲು ಚಾಚಲು ಆಗುವುದಿಲ್ಲ, ಮೇಜಿನಡಿ ಮೊಣಕಾಲು ತಾಗುತ್ತದೆ. ಆಗ ಮನೆಯಲ್ಲಿ ಕೋಣೆಯ ಮಾತು ಶುರುವಾಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಇಬ್ಬರ ಮಾತು ಕೇಳಲೇಬೇಕು. ಒಂದು ಆ ಕೋಣೆಯಲ್ಲಿ ಇರುವ ಮಗುವಿನದು, ಇನ್ನೊಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಡಿಯುವ ಮಳೆಯದು. ಅಪ್ಪ, ಅಮ್ಮ, ಅಜ್ಜಿ ಎಲ್ಲರ ಇಷ್ಟ ಆಮೇಲೆ.

ಎಲ್ಲಿಂದ ಶುರು ಮಾಡಬೇಕು?

ಬಣ್ಣದ ಕಾರ್ಡಿನಿಂದ ಬೇಡ. ಮೊದಲು ಮಗುವಿನ ಜೊತೆ ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತುಕೊಳ್ಳಿ. ಓದುವುದು ಎಲ್ಲಿ? ಮೇಜಿನ ಮೇಲಾ, ಮಂಚದ ಮೇಲಾ? ಸ್ಕೂಲ್ ಬ್ಯಾಗ್ ಬಂದು ಬೀಳುವುದು ಎಲ್ಲಿ? ರಾತ್ರಿ ಯಾವ ಕಿಟಕಿಯಿಂದ ಗಾಳಿ ಬರುತ್ತದೆ? ಒದ್ದೆ ಯೂನಿಫಾರ್ಮ್ ಎಲ್ಲಿ ತೂಗುಹಾಕುತ್ತಾರೆ? ಇಷ್ಟು ಕೇಳಿದರೆ ಸಾಕು, ಅರ್ಧ ಕೆಲಸ ತಾನಾಗೇ ಗೊತ್ತಾಗುತ್ತದೆ.

ಆಮೇಲೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆಸಿ: ಏನು ಇರಲೇಬೇಕು, ಏನು ಹೋಗಲೇಬೇಕು, ಏನು ಹೊಸದಾಗಿ ಬೇಕು. ಬರೆಯುವುದು ಮಗುವೇ ಆಗಿರಲಿ. "ಆ ಕಪಾಟು ಇಲ್ಲೇ ಇರ್ಲಿ" ಅಂತ ನಡುವೆ ಬಾಯಿ ಹಾಕಬೇಡಿ. ಹದಿನಾಲ್ಕು ವರ್ಷದ ಹುಡುಗ ಒಮ್ಮೆ ಬಾಯಿ ಮುಚ್ಚಿದರೆ ಮತ್ತೆ ತೆರೆಸುವುದು ಕಷ್ಟ.

ಕೆಲಸಕ್ಕೆ ಯಾವ ತಿಂಗಳು ಒಳ್ಳೆಯದು?

ಪರೀಕ್ಷೆ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು. ಅಂದರೆ ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ. ಮಕ್ಕಳಿಗೆ ರಜೆ, ಗೋಡೆ ಚೆನ್ನಾಗಿ ಒಣಗಿರುತ್ತದೆ, ಬಣ್ಣವೂ ಬೇಗ ಒಣಗುತ್ತದೆ. ಮೇ ಕೊನೆಗೆ ತಳ್ಳಬೇಡಿ. ಗುಡುಗು ಮಳೆ ಶುರುವಾದರೆ ಗೋಡೆ ಸಮ ಮಾಡಲು ಹಾಕುವ ಪುಟ್ಟಿ ಹಸಿಯಾಗೇ ಉಳಿಯುತ್ತದೆ. ಮದುವೆ ಸೀಸನ್ ಕೂಡ ಅದೇ ಆದ್ದರಿಂದ ಪೇಂಟರ್, ಆಚಾರಿ ಇಬ್ಬರಿಗೂ ಮಾರ್ಚ್‌ನಲ್ಲೇ ಹೇಳಿಡಿ.

ಆ ಸಮಯ ತಪ್ಪಿದರೆ ದಸರಾ ರಜೆಯಲ್ಲಿ ಸಾಮಾನು ಖಾಲಿ ಮಾಡಿ ಗೋಡೆ ಒಣಗಲು ಬಿಡಿ, ದೀಪಾವಳಿ ಹೊತ್ತಿಗೆ ಬಣ್ಣ ಹಚ್ಚಿ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಯಾರು ಎಷ್ಟೇ ಕಡಿಮೆ ರೇಟು ಹೇಳಿದರೂ ಗೋಡೆ ಮುಟ್ಟಿಸಬೇಡಿ. ಆ ತಿಂಗಳುಗಳು ಅಳತೆ ತೆಗೆಯಲು, ಯೋಚಿಸಲು ಒಳ್ಳೆಯದು. ಎಲ್ಲಿ ಸೋರುತ್ತದೆ, ಎಲ್ಲಿ ಎರಚಲು ಹೊಡೆಯುತ್ತದೆ ಅಂತ ಗೋಡೆ ಮೇಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿಡಿ. ಬೇಸಿಗೆಯಲ್ಲಿ ನೋಡಿದರೆ ಆ ಜಾಗ ಸಿಗುವುದಿಲ್ಲ.

ಪ್ರತಿ ವರ್ಷ ಗೋಡೆಗೆ ಬೂಷ್ಟು ಬರುತ್ತದೆ. ಹೊಸ ಬಣ್ಣ ಹಚ್ಚಿದರೆ ಹೋಗುತ್ತದಾ?

ಬಣ್ಣದಿಂದ ಹೋಗುವುದಿಲ್ಲ. ನೀರು ಬರುವ ದಾರಿ ಮುಚ್ಚಿದರೆ ಹೋಗುತ್ತದೆ. ಈ ಒಂದು ವಿಷಯಕ್ಕೆ ಸಮಯ ಕೊಡಿ, ಉಳಿದದ್ದೆಲ್ಲ ಸುಲಭ.

ಆಗಸ್ಟ್‌ನಲ್ಲಿ ಒಮ್ಮೆ ಕಪಾಟು ಸ್ವಲ್ಪ ಮುಂದೆ ಎಳೆದು ಟಾರ್ಚ್ ಬಿಟ್ಟು ನೋಡಿ. ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿರುತ್ತದೆ. ಬೆರಳಿಂದ ಒತ್ತಿದರೆ ಪುಡಿಯಾಗಿ ಉದುರುತ್ತದೆ, ಒಳಗೆ ಬಿಳಿ ಉಪ್ಪು ಕಾಣುತ್ತದೆ. ಅದು ನೆಲದಿಂದ ಏರಿದ ಪಸೆ. ಅದರ ಮೇಲೆ, ಗಾಳಿಯಾಡದ ಮೂಲೆಯಲ್ಲಿ ಹಸಿರು, ಕಪ್ಪು ಚುಕ್ಕೆ ಇದ್ದರೆ ಅದು ಬೂಷ್ಟು. ಎರಡಕ್ಕೂ ಮದ್ದು ಬೇರೆ.

ನಮ್ಮ ಕಡೆ ಹೆಚ್ಚಿನ ಹಳೆಯ ಮನೆಗಳು ಚಿರೆಕಲ್ಲಿನವು. ಚಿರೆಕಲ್ಲಿನ ತುಂಬ ಸಣ್ಣ ಸಣ್ಣ ತೂತು ಇರುವುದರಿಂದ ಅದು ನೀರು ಹೀರುತ್ತದೆ. ಮಳೆ ನೈರುತ್ಯದಿಂದ ಬಡಿಯುತ್ತದೆ, ಹಾಗಾಗಿ ಪಡುವಣ ಮತ್ತು ತೆಂಕಣ ಗೋಡೆಗೆ ಏಟು ಜಾಸ್ತಿ. ಮೊದಲು ಹೊರಗೆ ಹೋಗಿ ನೋಡಿ. ಗಿಲಾವು ಬಿರುಕು ಬಿಟ್ಟಿದೆಯಾ? ಮಾಡಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದೆಯಾ? ಹಂಚು ಒಡೆದಿದೆಯಾ? ಬುಡದಲ್ಲಿ ಮಣ್ಣು ಏರಿ ಕೋಣೆಯ ನೆಲಕ್ಕಿಂತ ಎತ್ತರ ಆಗಿದೆಯಾ? ಇವನ್ನು ಸರಿ ಮಾಡದೆ ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿದರೆ ನೀರು ಗೋಡೆಯಲ್ಲೇ ನಿಂತು ಇನ್ನೊಂದು ಕಡೆ ಒಡೆದು ಬರುತ್ತದೆ. ನೀರು ಚಿಮ್ಮುವ ಗೋಡೆಗೆ ಮಳೆಗಾಲಕ್ಕೆ ಮೊದಲು ಸೋಗೆ ತಟ್ಟಿ ಕಟ್ಟುವ ಹಳೇ ರೂಢಿ ಇವತ್ತಿಗೂ ಬಹಳ ಒಳ್ಳೆಯದು.

ಗೋಡೆ ಒಣಗಿದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಗೋಡೆಯ ಬದಿಗೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿದೆ. ಕೋಣೆಯ ಬದಿಗೆ ಕಟ್ಟಿದರೆ ಅದು ಒಳಗಿನ ಗಾಳಿಯ ತೇವ, ಕಿಟಕಿ ತೆರೆದು ಫ್ಯಾನ್ ಹಾಕಿದರೆ ಕಡಿಮೆಯಾಗುತ್ತದೆ.

ಬೂಷ್ಟನ್ನು ಒಣಗಿದ್ದಾಗ ಗುಡಿಸಬೇಡಿ, ಪುಡಿ ಗಾಳಿಗೆ ಸೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ತೊಳೆದು ಪೂರ್ತಿ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವತ್ತೂ ಬೆರೆಸಬಾರದು, ವಿಷದ ಗ್ಯಾಸ್ ಬರುತ್ತದೆ. ದಮ್ಮು, ಅಲರ್ಜಿ ಇರುವ ಮಗುವನ್ನು ಈ ಕೆಲಸದಿಂದ ದೂರ ಇಡಿ.

ಸುಣ್ಣದ ಗಾರೆಯ ಹಳೆಯ ಗೋಡೆಯಾದರೆ ಪ್ಲಾಸ್ಟಿಕ್ ಬಣ್ಣ ಅಂದರೆ ಎಮಲ್ಷನ್‌ಗಿಂತ ಸುಣ್ಣವೇ ವಾಸಿ. ಅದು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ವಾಲ್‌ಪೇಪರ್ ಮಾತ್ರ ಕರಾವಳಿಯ ಹೊರಗೋಡೆಗೆ ಬೇಡವೇ ಬೇಡ, ಮೊದಲ ಮಳೆಗಾಲದಲ್ಲೇ ಅಂಚು ಎದ್ದು ಅದರ ಹಿಂದೆ ಬೂಷ್ಟು ಕೂರುತ್ತದೆ.

ಮಗಳು ಗೋಡೆಗೆ ಕಪ್ಪು ಬಣ್ಣ ಬೇಕು ಅಂತಾಳೆ. ಏನು ಮಾಡುವುದು?

ಒಂದು ಗೋಡೆಗೆ ಹಚ್ಚಿಸಿ ಕೊಡಿ. ಮಂಚದ ತಲೆ ಕಡೆಯ ಒಳಗೋಡೆ ಇದಕ್ಕೆ ಸರಿ. ನಾಲ್ಕೂ ಗೋಡೆ ಕಪ್ಪಾದರೆ ಮಳೆಗಾಲದ ಮಬ್ಬಿನಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕಾಗುತ್ತದೆ. ಅದನ್ನು ಬೈದು ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದು. ಸಣ್ಣ ಡಬ್ಬಿ ತಂದು ಮೂರಡಿ ಚೌಕ ಹಚ್ಚಿ, ಬೆಳಿಗ್ಗೆ, ಸಂಜೆ, ರಾತ್ರಿ ಲೈಟಿನಲ್ಲಿ ಅವಳೇ ನೋಡಲಿ. ಕಾರ್ಡಿನಲ್ಲಿ ಕಂಡ ಬಣ್ಣ ಗೋಡೆ ಮೇಲೆ ಯಾವಾಗಲೂ ಒಂದು ಕೈ ಗಾಢವಾಗೇ ಕಾಣುತ್ತದೆ. ನೋಡಿದ ಮೇಲೂ ಕಪ್ಪೇ ಬೇಕು ಅಂದರೆ, ಕಪ್ಪೇ ಸರಿ. ಅದು ಅವಳ ಕೋಣೆ. ಗೋಡೆಯ ಬಣ್ಣ ಬದಲಾಯಿಸಬಹುದಾದ ವಸ್ತು, "ನಿನ್ನ ಮಾತಿಗೆ ಇಲ್ಲಿ ಬೆಲೆ ಇಲ್ಲ" ಅನ್ನುವ ಭಾವನೆ ಹಾಗಲ್ಲ.

ಬಣ್ಣ ನಾವೇ ಹಚ್ಚಬಹುದಾ? ಎಷ್ಟು ಬೇಕಾಗುತ್ತದೆ?

ಒಳಗೋಡೆಯಾದರೆ ಖಂಡಿತ ಹಚ್ಚಬಹುದು, ಹಚ್ಚಬೇಕು ಕೂಡ. ಮನೆಮಂದಿ ಒಟ್ಟಿಗೆ ಸೇರಿ ಮಾಡುವ ಕೆಲಸ ಈಗ ಕಡಿಮೆ. ಪುಟ್ಟಿ ಹಾಕಿ ಸಮ ಮಾಡುವುದನ್ನು ಪೇಂಟರ್‌ಗೆ ಬಿಡಿ, ಅದಕ್ಕೆ ಕೈ ಪಳಗಿರಬೇಕು. ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಮತ್ತು ಬಣ್ಣ ನೀವೇ ಮಾಡಿ.

10 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆ ತೆಗೆದುಕೊಳ್ಳಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 380 ಚದರ ಅಡಿ ಗೋಡೆ ಉಳಿಯುತ್ತದೆ. ಎರಡು ಕೋಟ್‌ಗೆ 6ರಿಂದ 7 ಲೀಟರ್ ಎಮಲ್ಷನ್ ಬೇಕು. ಗೋಡೆ ಒರಟಾಗಿದ್ದರೆ ಇನ್ನೂ ಸ್ವಲ್ಪ. ಈ ಲೆಕ್ಕವನ್ನು ಮಗುವಿನ ಕೈಯಲ್ಲೇ ಮಾಡಿಸಿ. ಪಠ್ಯದ ಗಣಿತಕ್ಕಿಂತ ಇದು ಖುಷಿ ಕೊಡುತ್ತದೆ. ಒಮ್ಮೆಗೇ ತನ್ನಿ, ಅಂಗಡಿಯಲ್ಲಿ ಬೆರೆಸಿ ಕೊಟ್ಟ ಬಣ್ಣ ಎರಡನೇ ಸಲ ಅದೇ ಛಾಯೆ ಬರುತ್ತದೆ ಅಂತ ಹೇಳಲಾಗದು.

ಕೆಲಸ ಹಂಚುವುದು ಹೀಗೆ ಇರಲಿ. ಎತ್ತರದ ಕೆಲಸ, ಏಣಿ, ಫ್ಯಾನ್ ಇಳಿಸುವುದು ಅಪ್ಪನಿಗೋ ಚಿಕ್ಕಪ್ಪನಿಗೋ. ಅಂಚಿಗೆ ಟೇಪ್ ಹಾಕಿ ಬ್ರಷ್‌ನಲ್ಲಿ ಎಳೆಯುವುದು ತಾಳ್ಮೆ ಇರುವವರಿಗೆ, ಹೆಚ್ಚಾಗಿ ಅಮ್ಮನಿಗೆ ಅಥವಾ ಅತ್ತೆಗೆ. ರೋಲರ್ ಮಕ್ಕಳಿಗೆ. ಸಣ್ಣ ತಮ್ಮ, ತಂಗಿ ಇದ್ದರೆ ಕಪಾಟಿನ ಹಿಂದೆ ಹೋಗುವ ಗೋಡೆಯನ್ನು ಅವರಿಗೇ ಬಿಟ್ಟುಕೊಡಿ.

ಒಂದು ಎಚ್ಚರಿಕೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು, ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿ, ಸರಳುಗಳ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗ ಉಜ್ಜಬೇಡಿ. ನೀರು ಹಾಕಿ ಉಜ್ಜಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆ ದಿನ ಚಿಕ್ಕ ಮಕ್ಕಳು ಮತ್ತು ಬಸುರಿಯರು ಆ ಕಡೆ ಬರಬಾರದು.

ನಮ್ಮದು ಹಂಚಿನ ಮನೆ. ಫಾಲ್ಸ್ ಸೀಲಿಂಗ್ ಹಾಕಿಸಬಹುದಾ?

ಜಿಪ್ಸಮ್ ಬೇಡ. ಒಂದು ಹಂಚು ಜಾರಿದರೂ ಸಾಕು, ನೀರು ಕುಡಿದು ಕಲೆಯಾಗಿ ಜೋತು ಬೀಳುತ್ತದೆ. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುವುದೇ ಇಲ್ಲ. ಮೇಲೆ ಇಲಿಗಳ ಸಂಸಾರ ಬೇರೆ. ಮೊದಲೇ ಮರದ ಮುಚ್ಚಿಗೆ ಇದ್ದರೆ ಉಜ್ಜಿ ಪಾಲಿಶ್ ಕೊಡಿ, ಅದಕ್ಕಿಂತ ಚೆಂದದ ಸೀಲಿಂಗ್ ಇಲ್ಲ. ಕೋಣೆ ಕತ್ತಲು ಅನಿಸಿದರೆ ನಾಲ್ಕು ಗಾಜಿನ ಹಂಚು ಹಾಕಿಸಿ. ಮೇಜು ಅದರ ನೇರ ಕೆಳಗೆ ಇಡಬೇಡಿ, ಏಪ್ರಿಲ್ ಬಿಸಿಲು ಕಣ್ಣಿಗೆ ಹೊಡೆಯುತ್ತದೆ.

ಮಂಚ, ಮೇಜು, ಕಪಾಟು ಯಾವುದರಲ್ಲಿ ಮಾಡಿಸಬೇಕು?

ಅಟ್ಟದಲ್ಲಿ ಅಜ್ಜನ ಕಾಲದ ಹಲಸಿನ ಅಥವಾ ಸಾಗುವಾನಿ ಹಲಗೆ ಬಿದ್ದಿದ್ದರೆ ಅದನ್ನೇ ಇಳಿಸಿ. ಆಚಾರಿಯನ್ನು ಕರೆದು ತೋರಿಸಿ. ಹಳೆಯ ಬಾಗಿಲೊಂದು ಒಳ್ಳೆಯ ಮೇಜಾಗುತ್ತದೆ, ಹಳೆಯ ದೊಡ್ಡ ಮಂಚ ಕೊಯ್ದರೆ ಒಂದು ಕಪಾಟಿನ ಚೌಕಟ್ಟು ಸಿಗುತ್ತದೆ. ಗೆದ್ದಲು ತಿಂದಿದೆಯಾ ಅಂತ ಸುತ್ತಿಗೆಯಲ್ಲಿ ತಟ್ಟಿ ನೋಡಿ, ಪೊಳ್ಳು ಸದ್ದು ಬಂದರೆ ಬಿಟ್ಟುಬಿಡಿ.

ಪ್ಲೈವುಡ್ ಆದರೆ ಐಎಸ್ 710 ಗುರುತು ಇರುವುದನ್ನು ಕೇಳಿ ತನ್ನಿ, ಅದು ನೀರು ತಡೆಯುವ ಮರೀನ್ ದರ್ಜೆ. ಐಎಸ್ 303ರ ಎಂಆರ್ ದರ್ಜೆಯ ಪ್ಲೈ ತೇವ ತಡೆಯಬಹುದು, ನೀರು ತಡೆಯುವುದಿಲ್ಲ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮೇಜು ಫೋಟೋದಲ್ಲಿ ಚೆನ್ನಾಗಿರುತ್ತದೆ, ಆದರೆ ನಮ್ಮ ಎರಡು ಮಳೆಗಾಲದಲ್ಲಿ ಅಂಚು ಊದಿ ಸ್ಕ್ರೂ ಸಡಿಲಾಗುತ್ತದೆ. ಸಮುದ್ರದ ಹತ್ತಿರದ ಮನೆಗಳಿಗೆ ಇನ್ನೊಂದು ಮಾತು: ಉಪ್ಪು ಗಾಳಿಗೆ ಸಾದಾ ಕಬ್ಬಿಣದ ಸ್ಕ್ರೂ, ಕೀಲು ನಿಲ್ಲುವುದಿಲ್ಲ. 304 ದರ್ಜೆಯ ಸ್ಟೀಲ್ ಅಥವಾ ಹಿತ್ತಾಳೆ ಹಾಕಿಸಿ. ಇಲ್ಲಿ ಉಳಿಸಿದ ದುಡ್ಡು ನಿಜವಾದ ಉಳಿತಾಯ ಅಲ್ಲ.

ಅಳತೆಯಲ್ಲಿ ಮಗುವಿನ ಈಗಿನ ಎತ್ತರ ನೋಡಬೇಡಿ. ಹಾಸಿಗೆ 6.5 ಅಡಿ ಉದ್ದ ಇರಲಿ. ಮೇಜಿನ ಎತ್ತರ 2.5 ಅಡಿ ಸಾಕು. ಬಲಗೈಯಲ್ಲಿ ಬರೆಯುವ ಮಗುವಿಗೆ ಕಿಟಕಿ ಎಡಕ್ಕೆ ಬರುವಂತೆ ಮೇಜು ಇಡಿ, ಎಡಗೈಯಾದರೆ ಬಲಕ್ಕೆ. ಆಗ ಕೈಯ ನೆರಳು ಪುಸ್ತಕದ ಮೇಲೆ ಬೀಳುವುದಿಲ್ಲ. ಕಪಾಟನ್ನು ಒಳಗೋಡೆಗೇ ಇಡಿ, ಗೋಡೆಗೂ ಅದಕ್ಕೂ ಮೂರು ಬೆರಳು ಸಂದು ಇರಲಿ. ಎರಡಂತಸ್ತಿನ ಮಂಚ ಮಾಡಿಸುವುದಾದರೆ ಫ್ಯಾನ್ ಎಲ್ಲಿ ಬರುತ್ತದೆ ಅಂತ ಮೊದಲೇ ನೋಡಿ, ಮೇಲೆ ಮಲಗಿದವರು ಎದ್ದು ಕೂತರೆ ಕೈ ತಾಗುವಷ್ಟು ಹತ್ತಿರ ಇರಲೇಬಾರದು.

ಬೇರೆ ಕೋಣೆ ಇಲ್ಲ. ಮಗಳು ಅಜ್ಜಿ ಜೊತೆ ಮಲಗುತ್ತಾಳೆ. ಅವಳಿಗೆ ಅಂತ ಏನು ಮಾಡಬಹುದು?

ನಮ್ಮ ಬಹಳಷ್ಟು ಮನೆಗಳ ಸ್ಥಿತಿ ಇದೇ. ಕೋಣೆ ಪೂರ್ತಿ ಸಿಗದಿದ್ದರೆ ಒಂದು ಮೂಲೆ ಪೂರ್ತಿ ಅವಳದಾಗಲಿ. ಮೇಜು, ಅದರ ಮೇಲಿನ ಗೋಡೆ, ಬೀಗ ಹಾಕುವ ಒಂದು ಡ್ರಾಯರ್, ಅವಳ ಕೈಗೆ ಸ್ವಿಚ್ ಸಿಗುವ ಒಂದು ಲೈಟು. ಅಜ್ಜಿ ಎಂಟೂವರೆಗೇ ಮಲಗಿದರೂ ಅವಳು ಓದುವಂತೆ ಬೆಳಕು ಮೇಜಿನ ಮೇಲಷ್ಟೇ ಬೀಳಬೇಕು. ನಡುವೆ ಒಂದು ಪರದೆ ಇದ್ದರೆ ಬಟ್ಟೆ ಬದಲಾಯಿಸಲು ಅನುಕೂಲ. ಮುಟ್ಟಿನ ದಿನಗಳಿಗೆ ಬೇಕಾದ್ದನ್ನು ಇಡಲು ಒಂದು ಖಾನೆ, ಮುಚ್ಚಳ ಇರುವ ಕಸದ ಡಬ್ಬಿ ಇವುಗಳನ್ನು ಅವಳು ಕೇಳುವ ಮೊದಲೇ ಇಟ್ಟುಕೊಡಿ. ಕೇಳಲು ನಾಚಿಕೆಪಡುವ ವಯಸ್ಸು ಅದು.

ಅಜ್ಜಿಯನ್ನೂ ಕೇಳಿ. ಕುಮಟಾ ಕಡೆಯ ಒಂದು ಮನೆಯಲ್ಲಿ ಮೊಮ್ಮಗಳು ನೀಲಿ ಬೇಕು ಅಂದಳು. "ನೀಲಿನೇ ಆಗ್ಲಿ ಕೂಸೆ, ನನ್ನ ದೇವ್ರ ಪಟ ಮಾತ್ರ ಮೂಡಣ ಗೋಡೆಗೇ ಇರ್ಲಿ" ಅಂದರು ಅಜ್ಜಿ. ಪಟದ ಸುತ್ತ ಎರಡಡಿ ಬಿಳಿ ಬಿಟ್ಟು ಉಳಿದದ್ದೆಲ್ಲ ನೀಲಿ ಹಚ್ಚಿದರು. ಈಗ ಆ ಬಿಳಿ ಚೌಕವೇ ಕೋಣೆಗೆ ಕಳೆ ಕೊಟ್ಟಿದೆ.

ಮಗ ಬಾಗಿಲಿಗೆ ಒಳಗಿನಿಂದ ಚಿಲಕ ಬೇಕು ಅಂತಾನೆ. ಕೊಡಬೇಕಾ?

ಕೊಡಿ. ಬಟ್ಟೆ ಬದಲಾಯಿಸಲು, ಒಬ್ಬನೇ ಇರಲು ಆ ವಯಸ್ಸಿನಲ್ಲಿ ಆಸೆ ಆಗುವುದು ಸಹಜ. ಹೊರಗಿನಿಂದಲೂ ತೆರೆಯಬಹುದಾದ ಲಾಕ್ ಹಾಕಿಸಿ, ಬೀಗದ ಕೈ ನಡುಮನೆಯ ಮೊಳೆಯಲ್ಲಿ ಇರಲಿ, ಅದು ಅಲ್ಲಿರುವುದು ಅವನಿಗೂ ಗೊತ್ತಿರಲಿ. ದೊಡ್ಡವರು ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಅದಕ್ಕೆ ಬದಲಾಗಿ ರಾತ್ರಿ ಫೋನ್ ಚಾರ್ಜ್ ಆಗುವುದು ನಡುಮನೆಯಲ್ಲಿ ಅಂತ ಒಂದು ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಅದು ಮನೆಯ ಎಲ್ಲರ ಫೋನಿಗೂ ಅನ್ವಯಿಸಬೇಕು, ಅಪ್ಪನದಕ್ಕೂ.

ಎಲ್‌ಇಡಿ ಪಟ್ಟಿ, ಕಂಪ್ಯೂಟರ್, ಇಷ್ಟೊಂದು ಪ್ಲಗ್. ಅಪಾಯ ಇಲ್ವಾ?

ವೈರಿಂಗ್ ಹಳೆಯದಾದರೆ ಅಪಾಯ ಇದೆ. ಬಣ್ಣಕ್ಕೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಆಮೇಲೆ ಗೋಡೆ ಕೊರೆಯಬೇಕಾಗಬಾರದು. ಮೇಜಿನ ಹತ್ತಿರ ನಾಲ್ಕು ಪ್ಲಗ್ ಪಾಯಿಂಟ್ ಹಾಕಿಸಿದರೆ ಒಂದು ಎಕ್ಸ್‌ಟೆನ್ಷನ್‌ಗೆ ಇನ್ನೊಂದು ಸಿಕ್ಕಿಸುವ ಪ್ರಶ್ನೆಯೇ ಬರುವುದಿಲ್ಲ. ಅರ್ಥಿಂಗ್ ಸರಿ ಇದೆಯಾ ಅಂತ ಪರೀಕ್ಷೆ ಮಾಡಿಸಿ, ಶಾಕ್ ತಡೆಯುವ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಎರಚಲು ಬೀಳುವ ಕಿಟಕಿಯ ಪಕ್ಕ ಸ್ವಿಚ್ ಬೋರ್ಡ್ ಬೇಡ.

ಎಲ್‌ಇಡಿ ಪಟ್ಟಿ 12 ವೋಲ್ಟ್‌ನದು, ಒಳ್ಳೆಯ ಅಡಾಪ್ಟರ್ ಇರುವುದು ಆದರೆ ತೊಂದರೆ ಇಲ್ಲ. ಹಸಿ ಗೋಡೆಗೆ ಅದರ ಅಂಟು ನಿಲ್ಲುವುದಿಲ್ಲ, ಮರದ ಪಟ್ಟಿಗೆ ಅಂಟಿಸಿ. ಓದಲು ಅದರ ಬೆಳಕು ಸಾಲದು, ಬೇರೆ ಟೇಬಲ್ ಲ್ಯಾಂಪ್ ಬೇಕೇ ಬೇಕು. ಮೇ ತಿಂಗಳ ಗುಡುಗು ಸಿಡಿಲಿಗೆ ಕಂಪ್ಯೂಟರ್, ರೂಟರ್ ಪ್ಲಗ್ ಕಿತ್ತಿಡುವುದನ್ನು ಮಗುವಿನ ಜವಾಬ್ದಾರಿ ಮಾಡಿ, ಸಿಡಿಲು ಹತ್ತಿರ ಬರುವ ಮೊದಲೇ ಕೀಳಬೇಕು.

ಊರಿನದ್ದೇ ಅಲಂಕಾರ ಏನಾದರೂ ಮಾಡಬಹುದಾ?

ಬೇಕಾದಷ್ಟಿದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ಕಾವಿ ಕಲೆ ನೋಡಿರುತ್ತೀರಿ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಹಸಿ ಇರುವಾಗಲೇ ಮೊನಚು ಕಡ್ಡಿಯಲ್ಲಿ ಗೀರಿ ಒಳಗಿನ ಬಿಳಿ ಕಾಣಿಸುವ ಕಲೆ ಅದು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ, ಅಲ್ಲಿಯ ಬಳ್ಳಿ, ಹೂವು ನೋಡಿ ನೋಟ್‌ಬುಕ್‌ನಲ್ಲಿ ಬಿಡಿಸಿಕೊಳ್ಳಲಿ. ಮನೆಯಲ್ಲಿ ಬಿಳಿ ಗೋಡೆಗೆ ಕೆಂಪು ಎಮಲ್ಷನ್‌ನಲ್ಲಿ ಒಂದು ಅಂಚು ಎಳೆದರೂ ಕೋಣೆ ಬೇರೆಯೇ ಆಗುತ್ತದೆ.

ಇನ್ನೊಂದು ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯಿಂದ ಹೊಲಿಯುವ ಕೌದಿಗಳು ಬಣ್ಣದಲ್ಲಿ ಯಾವ ಅಂಗಡಿಯ ಬೆಡ್‌ಶೀಟಿಗೂ ಸೋಲುವುದಿಲ್ಲ. ಮೂಲೆಗಳಲ್ಲಿ ಮಡಚಿ ಹೊಲಿದ ಹೂವಿನಂಥ ತ್ರಿಕೋನಗಳನ್ನು ನೋಡಿ. ಕೊಳ್ಳುವುದಾದರೆ ಹೊಲಿದವರ ಹತ್ತಿರವೇ ಕೊಳ್ಳಿ, ಚೌಕಾಸಿ ಬೇಡ. ಮನೆಯಲ್ಲೇ ಹೊಲಿಯುವುದಾದರೆ ಮಗುವಿನ ಹಳೆಯ ಯೂನಿಫಾರ್ಮ್, ಹುಟ್ಟುಹಬ್ಬದ ಫ್ರಾಕು, ಅಮ್ಮನ ಸವೆದ ಸೀರೆ ಎಲ್ಲ ಅದರಲ್ಲಿ ಸೇರಲಿ.

ಪೋಸ್ಟರ್ ಅಂಟಿಸಿ ಗೋಡೆ ಹಾಳು ಮಾಡುತ್ತಾರೆ.

ಒಂದು ದೊಡ್ಡ ಸಾಫ್ಟ್ ಬೋರ್ಡ್ ಹಾಕಿಕೊಡಿ. ಅದರ ಮೇಲೆ ಏನು ಬರುತ್ತದೆ ಅನ್ನುವುದು ಅವರಿಗೆ ಬಿಟ್ಟಿದ್ದು.

ಎಸ್ಸೆಸ್ಸೆಲ್ಸಿ ಆದ ಮೇಲೆ ಮಗ ಮಂಗಳೂರೋ ಧಾರವಾಡವೋ, ಹಾಸ್ಟೆಲ್‌ಗೆ ಹೋಗುತ್ತಾನೆ. ಈಗ ಯಾಕೆ ಖರ್ಚು?

ಈ ಪ್ರಶ್ನೆ ಕೇಳಿದಾಗ ಬೇಜಾರಾಗುತ್ತದೆ. ಇರುವ ಎರಡು ವರ್ಷ ಅವನಿಗೆ ತನ್ನದು ಅನ್ನುವ ಜಾಗ ಬೇಡವಾ? ಹಾಸ್ಟೆಲ್‌ನಿಂದ ಶನಿವಾರ ರಾತ್ರಿ ಬಸ್ಸಿಳಿದು ಬಂದಾಗ ಅವನ ಕೋಣೆಯಲ್ಲಿ ಅಡಕೆ ಚೀಲ ತುಂಬಿದ್ದರೆ ಹೇಗಿರುತ್ತದೆ? ಗೋಡೆಗೆ ಕೂರಿಸುವ ದುಬಾರಿ ವಾರ್ಡ್‌ರೋಬ್ ಬೇಡ ಅಂದರೆ ಒಪ್ಪುತ್ತೇನೆ. ಎತ್ತಿ ಬೇರೆ ಕಡೆ ಇಡಬಹುದಾದ ಮಂಚ, ಮೇಜು, ಒಳ್ಳೆಯ ಲ್ಯಾಂಪ್ ಮಾಡಿಸಿ. ಲ್ಯಾಂಪ್ ಹಾಸ್ಟೆಲ್‌ಗೂ ಹೋಗುತ್ತದೆ.

ಬಾಡಿಗೆ ಮನೆ ಅಥವಾ ಕ್ವಾರ್ಟರ್ಸ್ ಆದರೆ?

ಮೊಳೆ ಹೊಡೆಯುವ ಮುಂಚೆ ಕೇಳಿ. ಪರದೆ, ಚಾಪೆ, ಕೌದಿ, ನಿಲ್ಲಿಸುವ ಪುಸ್ತಕದ ಶೆಲ್ಫ್, ಲೈಟು ಇಷ್ಟರಲ್ಲೇ ಕೋಣೆ ಬದಲಾಗುತ್ತದೆ.

ದುಡ್ಡು ಕಡಿಮೆ ಇದ್ದರೆ ಮೊದಲು ಯಾವುದಕ್ಕೆ ಹಾಕಬೇಕು?

ಸೋರುವುದನ್ನು ನಿಲ್ಲಿಸಲು. ಆಮೇಲೆ ವೈರಿಂಗ್. ಆಮೇಲೆ ಹಾಸಿಗೆ. ಆಮೇಲೆ ಮೇಜು, ಕುರ್ಚಿ, ಬೆಳಕು. ಬಣ್ಣ ಇವೆಲ್ಲದರ ನಂತರ. ಒಟ್ಟು ಎಷ್ಟು ದುಡ್ಡಿದೆ ಅಂತ ಮಗುವಿಗೆ ಮುಚ್ಚಿಡಬೇಡಿ. ಅದರಲ್ಲಿ ಒಂದು ಪಾಲು ಅವರ ಕೈಗೇ ಕೊಡಿ, ಲೆಕ್ಕ ಬರೆದಿಡಲಿ. ತಮ್ಮ ಪಾಲಿನ ದುಡ್ಡು ಅಂತ ಆದ ಮೇಲೆ ಮಕ್ಕಳು ಅಂಗಡಿಯಲ್ಲಿ ಎರಡು ಸಲ ಯೋಚಿಸುತ್ತಾರೆ.

ಮಳೆಗಾಲದಲ್ಲಿ ಹೊಸ ಕೋಣೆಯನ್ನು ಹೇಗೆ ನೋಡಿಕೊಳ್ಳಬೇಕು?

ಬಿಸಿಲು ಬಿದ್ದ ಪ್ರತಿ ದಿನ ಕಿಟಕಿ ಪೂರ್ತಿ ತೆರೆಯಿರಿ. ಹತ್ತಿ ಹಾಸಿಗೆಯಾದರೆ ಜೂನ್‌ಗೆ ಮೊದಲೇ ಜಗಲಿಗೆ ಹಾಕಿ ಚೆನ್ನಾಗಿ ಬಿಸಿಲು ಕಾಯಿಸಿ. ಒದ್ದೆ ಯೂನಿಫಾರ್ಮ್ ಕೋಣೆಯೊಳಗೆ ಒಣಗಿಸಬೇಡಿ, ಅಷ್ಟೂ ನೀರು ಗೋಡೆಗೇ ಹೋಗುತ್ತದೆ. ಕಪಾಟಿನ ಬಾಗಿಲು ವಾರಕ್ಕೊಮ್ಮೆ ಫ್ಯಾನ್ ಗಾಳಿಗೆ ತೆರೆದಿಡಿ. ಬೇವಿನ ಎಲೆ, ಕರ್ಪೂರ ಹುಳಕ್ಕೆ ಆಗುತ್ತದೆ, ತೇವಕ್ಕೆ ಆಗುವುದಿಲ್ಲ. ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಉಳಿದ ಬಣ್ಣ ಏನು ಮಾಡುವುದು?

ಅರ್ಧ ಲೀಟರ್ ಗಾಳಿ ಹೋಗದ ಡಬ್ಬಿಯಲ್ಲಿ ತುಂಬಿಸಿ, ಬಣ್ಣದ ನಂಬರ್ ಮತ್ತು ತಿಂಗಳು ಬರೆದು ನೆರಳಿನಲ್ಲಿ ಇಡಿ. ಅಕ್ಟೋಬರ್‌ನಲ್ಲಿ ಒಂದೆರಡು ಕಡೆ ಕಲೆಯಾಗಿರುತ್ತದೆ, ಆಗ ಬೇಕಾಗುತ್ತದೆ. ಹೆಚ್ಚು ಉಳಿದಿದ್ದರೆ ನೆರೆಮನೆಯವರಿಗೆ ಕೊಡಿ. ಗಟಾರಕ್ಕೆ, ಹಳ್ಳಕ್ಕೆ ಸುರಿಯಬೇಡಿ, ನಮ್ಮ ಹೆಚ್ಚಿನ ಹಳ್ಳಗಳು ಕೊನೆಗೆ ಸಮುದ್ರಕ್ಕೇ ಹೋಗುತ್ತವೆ.